ಹಸಿರು ಮುಳ್ಳಿನ ಮೀನು

ಸೂಜಿಮೀನಿನ ಮುಳ್ಳು ಹಸಿರು. ಹುಟ್ಟುವಾಗಲೇ ಹಸಿರು, ಬೇಯಿಸಿದರೂ ಹಸಿರು, ಎಣ್ಣೆಯಲ್ಲಿ ಕಾಯಿಸಿದರೂ ಹಸಿರು, ತಿಂದು ತಟ್ಟೆಯ ಬದಿಗಿಟ್ಟು ಸಂಜೆ ನೋಡಿದರೂ ಹಸಿರೇ. ಅದು ವಿಷವಲ್ಲ, ಕೊಳೆತದ್ದಲ್ಲ, ಪಾತ್ರೆಯ ದೋಷವಲ್ಲ, ಬೇಯಿಸಿದವಳ ಕೈಯ ದೋಷವಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕೂಳೂರಿನ ನಮ್ಮ ಮನೆಯಲ್ಲಿ ಇದನ್ನು ಹೇಳಬೇಕಾದವರು ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ. ಗೊತ್ತಿಲ್ಲದೆ ಹೇಳಲಿಲ್ಲ ಎಂದಾಗಿದ್ದರೆ ನಾನು ಈ ಅಧ್ಯಾಯವನ್ನು ಬರೆಯುತ್ತಿರಲಿಲ್ಲ.

ಮನೆ ಹೊಳೆಯ ದಂಡೆಯಲ್ಲಿತ್ತು. ಹೆದ್ದಾರಿಯ ಸೇತುವೆಯ ಮೇಲೆ ಲಾರಿ ಹೋದರೆ ನಮ್ಮ ಅಡುಗೆಮನೆಯ ಗೋಡೆಯಲ್ಲಿ ನೇತುಹಾಕಿದ ಸೌಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಡುಗೆಮನೆ ಅಂದರೆ ಎರಡು. ಒಳಗಿನದರಲ್ಲಿ ಅನ್ನ, ಪಲ್ಯ, ಹಬ್ಬದ ಪಾಯಸ. ಹಿತ್ತಲಿಗೆ ಇಳಿಸಿ ಕಟ್ಟಿದ ಮಾಡಿನ ಕೆಳಗೆ ಮೀನಿನ ಒಲೆ, ಮೀನಿನ ಕತ್ತಿಮಣೆ, ಮೀನಿನ ಸಾರಿನ ಮಣ್ಣಿನ ಬಿಸಲೆಗಳು. ಅಜ್ಜಿ, ಎಂದರೆ ಅಪ್ಪನ ಅಮ್ಮ, ಆಳುತ್ತಿದ್ದದ್ದು ಈ ಹೊರಗಿನ ಒಲೆಯಿಂದ. ನನ್ನ ಅಮ್ಮನಿಗೆ ಒಳಗಿನ ಒಲೆ. ಅಮ್ಮನ ತವರು ಶಕ್ತಿನಗರದ ಕಡೆ. ಆಗ ಅಲ್ಲಿ ಗೇರುಮರಗಳೂ ಮುರಕಲ್ಲಿನ ಗುಡ್ಡೆಯೂ ಬಿಟ್ಟರೆ ಹೆಚ್ಚಿಗೆ ಮನೆಗಳಿರಲಿಲ್ಲ. ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿದರೆ ಸಿಗುವ ಊರು ಅದು. ಅಜ್ಜಿ ಮಾತ್ರ ಅಮ್ಮ ಬೇರೆ ರಾಜ್ಯದಿಂದ ಬಂದವಳ ಹಾಗೆ ಮಾತಾಡುತ್ತಿದ್ದರು. ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು. ಆ ತುಳುವಿನಲ್ಲಿ 'ಗುಡ್ಡೆಯವಳು' ಎಂಬ ಮಾತಿಗೆ ಎಷ್ಟು ಖಾರವಿತ್ತೆಂಬುದು ಕನ್ನಡದಲ್ಲಿ ಬರೆದರೆ ತಿಳಿಯುವುದಿಲ್ಲ.

"ಗುಡ್ಡೆಯವಳಿಗೆ ಬೂತಾಯಿ, ಬಂಗುಡೆ ಬಿಟ್ಟು ಮೂರನೇ ಮೀನಿನ ಗುರ್ತ ಉಂಟಾ?"

ಹಾಗೆ ಹೇಳಿ ಅಜ್ಜಿ ಒಳ್ಳೆಯ ಮೀನನ್ನು ಅಮ್ಮನ ಕೈಗೆ ಕೊಡುತ್ತಿರಲಿಲ್ಲ. ಅಮ್ಮ ಮಸಾಲೆ ಅರೆದು ಕೊಟ್ಟು ಒಳಗೆ ಹೋಗಬೇಕು. ಗಂಡಸರು, ಮಕ್ಕಳು, ಅಜ್ಜಿ ಉಂಡ ಮೇಲೆ ಅಮ್ಮ ಉಣ್ಣುವ ಹೊತ್ತಿಗೆ ಬಿಸಲೆಯಲ್ಲಿ ಉಳಿಯುತ್ತಿದ್ದದ್ದು ಸಾರು. ಅದನ್ನೇ ಅನ್ನಕ್ಕೆ ಸುರಿದುಕೊಂಡು, ಬೆರಳಿನಿಂದ ಬಿಸಲೆಯ ಅಂಚನ್ನು ಒರೆಸಿ, "ಇವತ್ತು ಹುಳಿ ಸರಿಯಾಗಿದೆ" ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅದು ಅನ್ಯಾಯ ಎಂದು ಆಗ ಅನ್ನಿಸಲಿಲ್ಲ. ಅಮ್ಮಂದಿರು ಸಾರು ತಿನ್ನುವವರು ಎಂದುಕೊಂಡಿದ್ದೆ.

ನಾನು ಹೋಗುತ್ತಿದ್ದದ್ದು ಕಾನ್ವೆಂಟಿಗೆ. ಅಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ನಮಗೊಂದು ಪುಸ್ತಕ ಮಾಡಲು ಹೇಳಿದ್ದರು: ಮನೆಯ ಹತ್ತಿರದ ಯಾವುದಾದರೂ ಒಂದು ಪ್ರಾಣಿಯನ್ನು ವರ್ಷವಿಡೀ ನೋಡಿ ಬರೆಯಬೇಕು. ಕಂಡದ್ದು ಮಾತ್ರ ಬರಿ, ಕೇಳಿದ್ದು ಬರಿಬೇಡ ಎಂಬುದು ಅವರ ನಿಯಮ. ಎಲ್ಲರೂ ಬೆಕ್ಕು, ಕಾಗೆ ಎಂದರು. ನಾನು ಸೂಜಿಮೀನು ಎಂದೆ. ನಮ್ಮ ಹೊಳೆಯ ಮೆಟ್ಟಿಲಲ್ಲಿ ಕೂತರೆ ಬೇರೇನೂ ಮಾಡದೆ ಅದನ್ನು ನೋಡಬಹುದಿತ್ತು. ಸಮುದ್ರದ ಉಬ್ಬರ ಏರಿ ಹೊಳೆ ಉಪ್ಪಾಗುವ ಹೊತ್ತಿಗೆ ಅವು ಕಾಂಡ್ಲ ಗಿಡಗಳ ಬೇರಿನ ಸಂದಿಗೆ ಬರುತ್ತಿದ್ದವು. ತಳಕ್ಕೆ ಇಳಿಯುವ ಮೀನಲ್ಲ; ನೀರಿನ ಚರ್ಮದ ಕೆಳಗೇ, ಬಿದ್ದ ಕಡ್ಡಿಯ ಹಾಗೆ ಅಲ್ಲಾಡದೆ ನಿಲ್ಲುತ್ತದೆ. ಬೆನ್ನು ಹೊಳೆಯ ನೀರಿನದೇ ಹಸಿರು, ಆದ್ದರಿಂದ ಮೇಲಿನಿಂದ ನೋಡುವ ಹಕ್ಕಿಗೆ ಕಾಣುವುದಿಲ್ಲ. ಹೊಟ್ಟೆಯ ಬದಿ ಬೆಳ್ಳಿ. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ಹೆಬ್ಬೆರಳಿನ ದಪ್ಪ. ಬೆನ್ನಿನ ರೆಕ್ಕೆಯೂ ಹೊಟ್ಟೆಯ ರೆಕ್ಕೆಯೂ ಹಿಂದೆ, ಬಾಲದ ಹತ್ತಿರ ಹೋಗಿ ಕೂತಿವೆ. ಬಾಲದ ಬುಡದಲ್ಲಿ ದುಂಡಗಿನ ಒಂದು ಕರಿ ಬೊಟ್ಟು. ಇನ್ನು ಆ ಕೊಕ್ಕು: ಮೇಲೊಂದು, ಕೆಳಗೊಂದು ಉದ್ದ ದವಡೆ, ಎರಡರಲ್ಲೂ ಸೂಜಿಮೊನೆಯ ಹಲ್ಲುಗಳು. ಸಣ್ಣ ಮೀನಿನ ಗುಂಪು ಬಂದರೆ ಕಡ್ಡಿ ಒಮ್ಮೆಲೇ ಬಾಣವಾಗುತ್ತದೆ. ಹಿಡಿಯುವುದು ಅಡ್ಡಕ್ಕೆ, ಆಮೇಲೆ ನಿಧಾನವಾಗಿ ತಿರುಗಿಸಿಕೊಂಡು, ತಲೆಯ ಕಡೆಯಿಂದ ನುಂಗುತ್ತದೆ. ಮರಿಗಳನ್ನು ನೋಡಿ ನನಗೆ ಗೊಂದಲವಾಗಿತ್ತು. ಅವುಗಳಿಗೆ ಕೆಳಗಿನ ದವಡೆ ಮಾತ್ರ ಉದ್ದ, ಮೇಲಿನದು ಗಿಡ್ಡ. ಬೇರೆ ಜಾತಿ ಎಂದು ಬರೆದಿದ್ದೆ. ಸಿಸ್ಟರ್ ಆ ಸಾಲನ್ನು ಹೊಡೆದು ಹಾಕಿ, ಇನ್ನೂ ಎರಡು ತಿಂಗಳು ನೋಡು ಎಂದರು. ನೋಡಿದೆ. ಮೇಲಿನದೂ ಬೆಳೆದು ಬಂತು. ಒಮ್ಮೆ ತೇಲುವ ಕಸದಲ್ಲಿ ಅದರ ಮೊಟ್ಟೆಗಳೂ ಸಿಕ್ಕವು. ಒಂದೊಂದಕ್ಕೂ ಅಂಟು ಅಂಟಾದ ನೂಲು, ಆ ನೂಲಿನಿಂದ ಕಸಕ್ಕೆ ಕಟ್ಟಿಕೊಂಡಿದ್ದವು.

ಮುಳ್ಳಿನ ಬಣ್ಣವನ್ನು ನಾನು ಕಂಡದ್ದೂ ಅದೇ ಮೆಟ್ಟಿಲಲ್ಲಿ. ಅಪ್ಪ ರಜೆಯ ದಿನ ಬೀಸುಬಲೆ ಹಾಕಿದಾಗ ಈ ಮೀನು ಬಂದರೆ, ಅಜ್ಜಿ ಅದನ್ನು ಹಿತ್ತಲಲ್ಲಿ ಶುಚಿ ಮಾಡುತ್ತಿರಲಿಲ್ಲ. ಹೊಳೆಗೇ ಕೊಂಡುಹೋಗುತ್ತಿದ್ದರು. ಬೂದಿಯ ಗೆರಟೆ ಹಿಡಿಯಲು ನಾನು ಜೊತೆಗೆ. ತಲೆ ತೆಗೆದು, ಬೊಟ್ಟಿನ ಬಾಲ ತೆಗೆದು, ಬೆನ್ನು ಸೀಳಿ ನಡುಮುಳ್ಳನ್ನು ಬುಡದಿಂದ ತುದಿಯವರೆಗೆ ಒಂದೇ ಎಳೆತಕ್ಕೆ ಎಳೆಯುತ್ತಿದ್ದರು. ಅದು ಗಾಜಿನ ಬಳೆಯ ಹಸಿರು. ನನಗೆ ಬೇಕು ಎಂದರೆ ಕೊಡುತ್ತಿರಲಿಲ್ಲ, ನೀರಿಗೆ ಎಸೆಯುತ್ತಿದ್ದರು. ಉಳಿದ ಬಿಳಿ ಮಾಂಸವನ್ನು ಬೆರಳುದ್ದಕ್ಕೆ ತುಂಡು ಮಾಡಿ, ಮಸಾಲೆ ದಪ್ಪಕ್ಕೆ ಹಚ್ಚಿ ಕಾಯಿಸಿದರೆ ಅದು ನಮ್ಮ ಮನೆಯಲ್ಲಿ ಸೂಜಿಮೀನಲ್ಲ. ಅದು ಕಾಣೆ. ಮಂಗಳೂರಿನಲ್ಲಿ ಕಾಣೆ ಎಂದರೆ ಏನೆಂದು ಹೇಳಬೇಕಾಗಿಲ್ಲ: ಅಳಿಯ ಬಂದ ದಿನದ ಮೀನು, ದುಬಾರಿ ಮೀನು. ಸೂಜಿಮೀನು ಹೊಳೆಯಲ್ಲಿ ಪುಕ್ಕಟೆ ಬರುವಂಥದ್ದು. ಅಳಿಯ, ಎಂದರೆ ಅಪ್ಪನ ತಂಗಿಯ ಗಂಡ, ಮುಂಬಯಿಯಲ್ಲಿ ಬೆಳೆದು ಮಸ್ಕತ್‌ನಲ್ಲಿ ಕೆಲಸ ಮಾಡುವವರು. ನಾವು ಮಸ್ಕತ್ ಮಾವ ಎನ್ನುತ್ತಿದ್ದೆವು. ಅವರು ರಜೆಯಲ್ಲಿ ಬಂದಾಗಲೆಲ್ಲ ಅಜ್ಜಿಯ 'ಕಾಣೆ' ತಿಂದು, ಇಂಥ ಕಾಣೆ ಹೋಟೆಲಿನಲ್ಲೂ ಸಿಗುವುದಿಲ್ಲ ಎನ್ನುತ್ತಿದ್ದರು. ಆ ಮಾತು ಮಾತ್ರ ನಿಜವಿತ್ತು. ಈ ಹಸಿರು ಮುಳ್ಳಿನ ಗುಟ್ಟು ಅಪ್ಪನಿಗೆ ಗೊತ್ತಿತ್ತು. ಮೀನು ಹಿಡಿದು ತರುತ್ತಿದ್ದದ್ದೇ ಅವರು. ಚಿಕ್ಕಂದಿನಿಂದ ಆ ಹೊಳೆಯ ಮೀನು ತಿಂದು ಬೆಳೆದವರು. ಗೊತ್ತಿಲ್ಲದವರು ಮನೆಯಲ್ಲಿ ಒಬ್ಬರೇ, ಅಮ್ಮ.

ಆ ಭಾನುವಾರ ಮಾವ ಹೇಳದೆ ಕೇಳದೆ ಬಂದರು. ಅಜ್ಜಿ ಬೆಳಿಗ್ಗೆಯೇ ಯಾರದೋ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟಕ್ಕೆಂದು ಹೋಗಿದ್ದರು. ಅಪ್ಪ ಬಲೆ ಹಾಕಿ ತಂದ ಆರು ಸೂಜಿಮೀನುಗಳನ್ನು ಅಮ್ಮನ ಮುಂದೆ ಇಟ್ಟರು.

"ಬಾವ ಬಂದಿದ್ದಾರೆ. ಅಮ್ಮ ಇಲ್ಲ. ನೀನೇ ಬೇಗ ಕಾಯ್ಸು."

"ನಾನಾ? ಇದು ಅತ್ತೆಯೇ ಮಾಡುದಲ್ವಾ?"

"ಮೀನು ಅಂದ್ರೆ ಮೀನು. ಅದರಲ್ಲಿ ಎಂತ ಉಂಟು?"

ಅದರಲ್ಲಿ ಎಂತ ಉಂಟು ಎಂಬುದು ಅವರಿಗೆ ಗೊತ್ತಿತ್ತು. ನಡುಮುಳ್ಳು ತೆಗಿ ಎನ್ನಲಿಕ್ಕೆ ಎರಡು ಶಬ್ದ ಸಾಕಿತ್ತು. ಅವರು ಮಾವನ ಜೊತೆ ಮಾತಾಡಲು ಜಗಲಿಗೆ ಹೋದರು. ನನ್ನನ್ನು ಸೋಡಾ ತರಲು ಅಂಗಡಿಗೆ ಓಡಿಸಿದರು. ನಾನು ಬರುವಷ್ಟರಲ್ಲಿ ಮೀನು ಕಾವಲಿಯಲ್ಲಿತ್ತು. ಅಮ್ಮ ಮೊದಲ ಸಲ ಹೊರಗಿನ ಒಲೆಯ ಮುಂದೆ ಕೂತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ತುಂಡನ್ನು ಮಗುಚಿ ಹಾಕುತ್ತಾ, ಮುಖ ಕೆಂಪಾಗಿ, ತುಂಬ ಖುಷಿಯಲ್ಲಿ.

"ನೋಡು, ಒಂದೂ ಪುಡಿಯಾಗ್ಲಿಲ್ಲ," ಎಂದರು ನನಗೆ.

ಗಂಡಸರು ಊಟಕ್ಕೆ ಕೂತು, ಅಮ್ಮ ಬಡಿಸಿ ಆಗುವಾಗ ಅಜ್ಜಿ ಬಂದರು. ಅಂಗಳದಲ್ಲಿ ಕಾಲಿಗೆ ನೀರು ಹಾಕಿಕೊಳ್ಳುತ್ತಲೇ ಅವರ ಬಾಯಿ ಸುರುವಾಯಿತು.

"ಓಹೋ, ಅಳಿಯಂದಿರು! ಕಾಣೆ ಬಡಿಸಿದ್ದಾಳಾ ಇವಳು? ತಿನ್ನಿ, ತಿನ್ನಿ. ನಮ್ಮ ಹೊಳೆಬದಿಯ ಕಾಣೆ, ಮುಳ್ಳಿನ ತಕರಾರೇ ಇಲ್ಲ."

ಮಾವ ಅಷ್ಟರಲ್ಲಿ ತುಂಡನ್ನು ಮುರಿದಿದ್ದರು. ಬಿಳಿ ಮಾಂಸದ ನಡುವಿನಿಂದ ಹಸಿರು ಮುಳ್ಳು ಹೊರಗೆ ಬಂತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಇದೆಂತ ಮಾರಾಯ್ರೆ! ಕಿಲುಬು! ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಮಸಾಲೆ ಹಾಕಿ ಇಟ್ಟಿದ್ದೀರಿ. ವಿಷ ಇದು, ವಿಷ!"

ಅಜ್ಜಿ ಹೊಸ್ತಿಲಲ್ಲಿ ನಿಂತುಬಿಟ್ಟರು. ಅವರ ಮುಖವನ್ನು ನಾನು ನೋಡಿದೆ. ಕಂಡದ್ದು ಮಾತ್ರ ಬರೆಯಬೇಕಲ್ಲ, ಕಂಡದ್ದನ್ನೇ ಬರೆಯುತ್ತಿದ್ದೇನೆ. ಆ ಮುಖದಲ್ಲಿ ಮೊದಲು ಬಂದದ್ದು ಎಲ್ಲ ತಿಳಿದವರ ಹೆದರಿಕೆ, ಎರಡನೆಯದು ಲೆಕ್ಕಾಚಾರ. ಈಗಷ್ಟೇ ಕಾಣೆ ಎಂದು ಕೂಗಿ ಆಗಿದೆ. ಕಾಣೆಯ ಮುಳ್ಳು ಬಿಳಿ. ಇದರ ಮುಳ್ಳು ಹುಟ್ಟಿನಿಂದಲೇ ಹಸಿರಪ್ಪಾ ಎಂದರೆ ಇದು ಕಾಣೆಯಲ್ಲ ಎಂದಾಗುತ್ತದೆ, ಇಷ್ಟು ವರ್ಷ ತಿನ್ನಿಸಿದ್ದೂ ಕಾಣೆಯಲ್ಲ ಎಂದಾಗುತ್ತದೆ.

"ನಾನು ಮನೆಯಲ್ಲಿ ಇರಲಿಲ್ಲಪ್ಪ," ಎಂದರು ಅಳಿಯನಿಗೆ. ಆಮೇಲೆ ಅಮ್ಮನ ಕಡೆ ತಿರುಗಿ, "ಮಸಾಲೆ ಯಾವುದರಲ್ಲಿ ಕಲಸಿದೆ? ಆ ತಾಮ್ರದ ಹರಿವಾಣದಲ್ಲಾ?"

"ಅಲ್ಲ ಅತ್ತೆ, ಮಣ್ಣಿನ ಬಿಸಲೆಯಲ್ಲಿ. ಬೇಕಾದ್ರೆ ಬಂದು ನೋಡಿ."

"ನೋಡುದೆಂತ? ಕಣ್ಣೆದುರೇ ಉಂಟಲ್ಲ!"

ನಾನು ಬಾಯಿ ಹಾಕಿದೆ.

"ಅಜ್ಜೀ, ಅದು ಯಾವಾಗ್ಲೂ ಹಸಿರೇ ಅಲ್ವಾ? ನೀವು ಹೊಳೆಯಲ್ಲಿ ಎಳೆದು..."

"ಏ, ಒಳಗೆ ಹೋಗು ನೀನು!"

ಹಾಗೆ ಗದರಿಸಿದ್ದು ಅಜ್ಜಿಯಲ್ಲ. ಅಪ್ಪ. ಆ ಇಡೀ ಊಟದಲ್ಲಿ ಅವರು ಆಡಿದ ಮಾತು ಅದೊಂದೇ. ಆಡಿ, ತಲೆ ತಗ್ಗಿಸಿ, ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು. ತಮ್ಮ ತಟ್ಟೆಯಲ್ಲಿದ್ದ ತುಂಡನ್ನು ಆಗಲೇ ತಿಂದು ಮುಗಿಸಿದ್ದರು. ಹಸಿರು ಮುಳ್ಳನ್ನು ತಟ್ಟೆಯ ಅಂಚಿನ ಕೆಳಗೆ ತಳ್ಳಿದ್ದು ಕದದ ಸಂದಿಯಿಂದ ನನಗೆ ಕಾಣುತ್ತಿತ್ತು. ಮಾವ ಹಿತ್ತಲಿಗೆ ಹೋಗಿ ಗಂಟಲಿಗೆ ಎರಡು ಬೆರಳು ಹಾಕಿ ವಾಂತಿ ಮಾಡಿದರು. ಬೆರಳು ಹಾಕಿದರೆ ಯಾರಿಗಾದರೂ ವಾಂತಿ ಬರುತ್ತದೆ. ಆದರೆ ಸಂಜೆಯೊಳಗೆ ಅದೇ ಸಾಕ್ಷಿಯಾಯಿತು: ಸೊಸೆ ಬೇಯಿಸಿ ಹಾಕಿದ್ದು ತಿಂದು ಅಳಿಯ ಕಾರಿಕೊಂಡ.

ಆ ದಿನದಿಂದ ಅಮ್ಮನಿಗೆ ಹೊರಗಿನ ಒಲೆ ಪೂರ್ತಿ ಇಲ್ಲವಾಯಿತು. ನೆಂಟರು ಬಂದರೆ ಒಳಗಿನದೂ ಇಲ್ಲ. ಕಲಾಯಿಯವನನ್ನು ಕರೆಸಿ ಅಂಗಳದಲ್ಲಿ ಮನೆಯ ತಾಮ್ರ, ಹಿತ್ತಾಳೆಯನ್ನೆಲ್ಲ ಸುರಿದರು. ಅಮ್ಮ ಅವನ ಎದುರು ನಿಂತು ಒಂದೊಂದನ್ನೇ ಎತ್ತಿ ಕೊಡಬೇಕು, ಬೇಲಿಯಾಚೆಯ ಹೆಂಗಸರು ನೋಡಬೇಕು. ಆಮೇಲೆ ಪ್ರತಿದಿನ ಅಜ್ಜಿ ತೊಳೆದಿಟ್ಟ ಪಾತ್ರೆಯ ಒಳಗೆ ಬೆರಳಾಡಿಸಿ, ಆ ಬೆರಳನ್ನು ಮೂಸುತ್ತಿದ್ದರು. ಮಾವ ಪ್ರತಿ ರಜೆಗೆ ಬಂದಾಗಲೂ ಜಗಲಿಯಿಂದಲೇ ಕೂಗುತ್ತಿದ್ದರು, "ಕಿಲುಬು ಅತ್ತಿಗೆ ಎಲ್ಲಿದ್ದಾರೆ? ಚಾ ಬೇರೆಯವರು ಮಾಡ್ಲಿ, ಆಯ್ತಾ?" ಎಲ್ಲರೂ ನಗುತ್ತಿದ್ದರು. ಮಾವನ ಹೆಂಡತಿ, ನನ್ನ ಅತ್ತೆ, ನಗುತ್ತಿದ್ದರು, ಅಪ್ಪನೂ ತುಟಿಯ ಒಂದು ಬದಿಯಲ್ಲಿ ನಗುತ್ತಿದ್ದರು. ಅಮ್ಮ ಹುಣಸೆಹುಳಿ, ಬೂದಿ ಹಾಕಿ ಪಾತ್ರೆ ತಿಕ್ಕಿ ತಿಕ್ಕಿ ಬೆರಳ ತುದಿಯ ಚರ್ಮ ಸುಲಿದುಕೊಂಡಿದ್ದರು. ಕಿಲುಬು ಹಿಡಿಯಲಿಕ್ಕೇ ಸಾಧ್ಯವಿಲ್ಲದ ಮಣ್ಣಿನ ಬಿಸಲೆಯನ್ನೂ ತಿಕ್ಕುತ್ತಿದ್ದರು. ಒಂದು ದಿನ ಎರಡೂ ಅಂಗೈಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡು ನನ್ನಲ್ಲಿ ಹೇಳಿದರು:

"ನನ್ನ ಕೈಯಲ್ಲೇ ಎಂತದೋ ಇರ್ಬೇಕು ಮಗಾ."

ನಾನು ಮರುದಿನವೇ ಸಿಸ್ಟರ್ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಕಪಾಟಿನಿಂದ ದಪ್ಪದ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಒಂದು ಪುಟದಲ್ಲಿ ಬೆರಳಿಟ್ಟರು. ಅದನ್ನು ಇಂಗ್ಲಿಷಿನಲ್ಲಿ, ಚಂದದ ಅಕ್ಷರದಲ್ಲಿ ನಕಲು ಮಾಡಿಕೊಂಡೆ: ಈ ಜಾತಿಯ ಮೀನಿನ ಮುಳ್ಳಿಗೆ ಪಿತ್ತದ ಒಂದು ಬಣ್ಣದಿಂದ ಹಸಿರು ಬರುತ್ತದೆ, ಬೇಯಿಸಿದರೆ ಹೋಗುವುದಿಲ್ಲ, ತಿನ್ನಲು ಯಾವ ತೊಂದರೆಯೂ ಇಲ್ಲ. ಕೆಳಗೆ ಇನ್ನೊಂದು ಸಾಲಿತ್ತು: ಈ ಮೀನಿಗೆ ಜಠರವೇ ಇಲ್ಲ, ಗಂಟಲಿನಿಂದ ಹಿಂದಕ್ಕೆ ನೇರವಾದ ಒಂದೇ ಕೊಳವೆ. ಅದನ್ನೂ ಬರೆದುಕೊಂಡೆ. ಕಾಗದ ಹಿಡಿದು ಮನೆಗೆ ಓಡಿ ಬಂದೆ. ಅಜ್ಜಿಗೆ ತುಳುವಿನಲ್ಲಿ ಹೇಳಿದರೆ, "ನಾಲ್ಕು ಇಂಗ್ಲಿಷ್ ಅಕ್ಷರ ಕಲಿತು ಹೊಳೆಬದಿಯವಳಿಗೆ ಮೀನು ಕಲಿಸ್ಲಿಕ್ಕೆ ಬಂದ್ಲು ನೋಡಿ" ಎಂದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಕಾಗದವನ್ನು ತಿರುಗಿಸಿ, ಸೆರಗಿನಿಂದ ಕೈ ಒರೆಸಿ ಮತ್ತೊಮ್ಮೆ ಹಿಡಿದುಕೊಂಡು, "ಅಪ್ಪನಿಗೆ ಕೊಡು. ಅವರು ಓದಿ ಹೇಳ್ತಾರೆ" ಎಂದರು.

ಅಪ್ಪ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಇಂಗ್ಲಿಷ್ ಪತ್ರ ಬರೆಯುವ ಕೆಲಸದವರು. ಸಂಜೆ ಚಾಕ್ಕೆ ಕೂತಾಗ ಕಾಗದ ಕೊಟ್ಟೆ. ಅಜ್ಜಿ ಎದುರಿಗೇ ವೀಳ್ಯ ಮಡಚುತ್ತಿದ್ದರು. ಅಮ್ಮ ಚಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಪ್ಪ ಓದಿದರು. ಸುರುವಿನಿಂದ ಕೊನೆಯವರೆಗೆ, ತುಟಿ ಅಲ್ಲಾಡಿಸದೆ. ಮತ್ತೆ ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿ, "ಚಾಕ್ಕೆ ಸಕ್ಕರೆ ಕಡಿಮೆ" ಎಂದರು. ಅಮ್ಮ ಒಳಗೆ ಹೋಗಿ ಸಕ್ಕರೆ ತಂದರು.

ನಾನು ಮೆದು ಸ್ವಭಾವದವಳು ಎಂದು ಎಲ್ಲರೂ ಹೇಳುತ್ತಾರೆ. ಅತ್ತಾವರದ ನಮ್ಮ ಫ್ಲಾಟಿನಲ್ಲಿ ನೀರಿನ ಜಗಳವಾದರೆ ನನ್ನನ್ನೇ ಮಧ್ಯಕ್ಕೆ ಕರೆಯುತ್ತಾರೆ. ಗಂಡನ ಹತ್ತಿರ, ಮಕ್ಕಳ ಹತ್ತಿರ ಎತ್ತರದ ದನಿಯಲ್ಲಿ ಮಾತಾಡಿದ್ದು ನೆನಪಿಲ್ಲ. ಅದು ಸ್ವಭಾವವಲ್ಲ, ಆ ಸಂಜೆ ಕಲಿತ ಪಾಠ: ಎಷ್ಟು ಚಂದದ ಅಕ್ಷರದಲ್ಲಿ ಬರೆದರೂ ಕಿಸೆಗೆ ಹೋಗುತ್ತದೆ. ಸೂಜಿಮೀನಿಗೆ ಜಠರವಿಲ್ಲ. ನಮಗಿತ್ತು. ನಾನೂ ಅಮ್ಮನೂ ಎಲ್ಲವನ್ನೂ ಅದರೊಳಗೆ ಇಟ್ಟುಕೊಂಡೆವು. ಅಜ್ಜಿಯ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಅವರಿಗೊಂದು ಸುಳ್ಳಿತ್ತು, ಅದನ್ನು ಕಾಯಬೇಕಿತ್ತು, ಕಾದರು. ಅಪ್ಪನಿಗೆ ಕಾಯಲು ಏನಿತ್ತು? ಊಟದ ಹೊತ್ತಿನಲ್ಲಿ ಗಲಾಟೆ ಬೇಡ ಎಂಬುದಷ್ಟೇ. ಅಷ್ಟಕ್ಕೆ ಒಬ್ಬಳ ಕೈಯನ್ನು ಅವಳಿಗೇ ಅಸಹ್ಯವಾಗುವ ಹಾಗೆ ಮಾಡಿದರು. ಅವರನ್ನು ಎಲ್ಲರೂ ಒಳ್ಳೆಯ ಮನುಷ್ಯ ಎನ್ನುತ್ತಾರೆ, ಯಾರಿಗೂ ಎದುರು ಮಾತಾಡಿದವರಲ್ಲ ಎನ್ನುತ್ತಾರೆ. ಆ ಹೊಗಳಿಕೆ ಕೇಳುವಾಗ ನನ್ನ ಕಿವಿ ಬಿಸಿಯಾಗುತ್ತದೆ. ಯಾರಿಗೂ ಎದುರು ಮಾತಾಡದವನ ಹೆಂಡತಿಯಾಗಿ ಬದುಕಿ ನೋಡಿ ಎನ್ನಬೇಕೆನಿಸುತ್ತದೆ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅಪ್ಪ, ಅಮ್ಮ ಈಗ ನನ್ನ ಜೊತೆಗೇ ಇದ್ದಾರೆ. ಅಪ್ಪನ ಕಣ್ಣಿನ ಚಿಕಿತ್ಸೆಗೆ ಅತ್ತಾವರ ಅನುಕೂಲ. ಮಸ್ಕತ್ ಮಾವ ಗಲ್ಫ್ ಬಿಟ್ಟು ಬಂದು ಮನೆ ಕಟ್ಟಿಸಿದ್ದು, ಬೇರೆಲ್ಲೂ ಅಲ್ಲ, ಶಕ್ತಿನಗರದಲ್ಲಿ. ಹೋದ ತಿಂಗಳು ಮೊಮ್ಮಗಳ ನಿಶ್ಚಿತಾರ್ಥಕ್ಕೆ ಕರೆಯಲು ಅವರು ಫೋನ್ ಮಾಡಿದರು. ಬೆಳಿಗ್ಗೆ ಹತ್ತು ಗಂಟೆ. ಅಪ್ಪನಿಗೆ ಕಿವಿ ಮಂದ, ಆದ್ದರಿಂದ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದೆ. ಅಮ್ಮ ಎದುರಿನ ಕುರ್ಚಿಯಲ್ಲಿ ಅಲಸಂಡೆ ಮುರಿಯುತ್ತಿದ್ದರು.

"ಎಲ್ಲರೂ ಬರ್ಬೇಕು ಬಾವ. ಕಿಲುಬು ಅತ್ತಿಗೆಯನ್ನೂ ಕರ್ಕೊಂಡು ಬನ್ನಿ. ಅಡುಗೆ ಕ್ಯಾಟರಿಂಗ್‌ನವರದ್ದು, ಜೀವಕ್ಕೆ ಎಂತ ಅಪಾಯ ಇಲ್ಲ!"

ಅವರು ನಕ್ಕರು. ಅಪ್ಪನ ತುಟಿಯ ಅದೇ ಬದಿ ಮೇಲೆ ಹೋಯಿತು. ಅಮ್ಮನ ಕೈಯಲ್ಲಿ ಅಲಸಂಡೆ ಮುರಿಯುವ ಸದ್ದು ನಿಂತಿತು. ಅಷ್ಟೇ. ಆ ಸದ್ದು ನಿಂತದ್ದಕ್ಕೆ ನನ್ನೊಳಗೆ ಏನೋ ಹರಿಯಿತು.

"ಅಪ್ಪ, ಹೇಳಿ ಅವರಿಗೆ. ಅದು ಕಿಲುಬು ಅಲ್ಲ ಅಂತ ಹೇಳಿ."

"ಈಗ ಎಂತಕ್ಕೆ ಅದೆಲ್ಲ, ಬಿಡು," ಎಂದರು ಅಪ್ಪ, ಮೆಲ್ಲಗೆ.

ನಾನು ಫೋನಿನ ಕಡೆಗೆ ಬಗ್ಗಿದೆ.

"ಮಾವ, ನಿಮಗೆ ಆವತ್ತು ಬಡಿಸಿದ್ದು ಕಾಣೆ ಅಲ್ಲ, ಸೂಜಿಮೀನು. ಅದರ ಮುಳ್ಳು ಹುಟ್ಟಿನಿಂದಲೇ ಹಸಿರು. ಅಜ್ಜಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು."

ಆಚೆಯಿಂದ ಆಶ್ಚರ್ಯ ಬರುತ್ತದೆ ಎಂದುಕೊಂಡಿದ್ದೆ.

"ಅಯ್ಯೋ, ಅದಾ? ನನಗೂ ಗೊತ್ತುಂಟು ಮಾರಾಯ್ತಿ. ಮಸ್ಕತ್ ಮಾರ್ಕೆಟಲ್ಲಿ ಆ ಜಾತಿ ರಾಶಿ ರಾಶಿ ಬರ್ತದೆ. ಮುಂದಿನ ವರ್ಷವೇ ಗೊತ್ತಾಯ್ತು ನನಗೆ."

"ಗೊತ್ತಾಗಿಯೂ ಇಷ್ಟು ವರ್ಷ ಹಾಗೆ ಕರೆದ್ರಾ?"

"ತಮಾಷೆಗಲ್ವಾ? ನಿಮಗೆಲ್ಲ ತಮಾಷೆ ಗೊತ್ತಾಗುದಿಲ್ವಾ?"

ಎಲ್ಲರಿಗೂ ಗೊತ್ತಿತ್ತು. ಅಮ್ಮನನ್ನು ನೋಡಿದೆ. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಅಪ್ಪನಿಗೆ ಗೊತ್ತುಂಟು ಅಂತ ನನಗೆ ಆವತ್ತು ಚಾ ಕುಡಿಯುವಾಗಲೇ ಗೊತ್ತಾಗಿದೆ," ಎಂದರು ನನಗೆ. "ಆದ್ರೆ ಬಾವನಿಗೂ ಗೊತ್ತುಂಟು ಅಂತ ಗೊತ್ತಿರ್ಲಿಲ್ಲ." ಅಲಸಂಡೆಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಫೋನನ್ನು ತನ್ನ ಕಡೆಗೆ ಎಳೆದುಕೊಂಡರು.

"ಬಾವ, ನಾನು ಮಾತಾಡುದು."

"ಓ, ಅತ್ತಿಗೆ! ಹೇಗಿದ್ದೀರಿ? ನಾವು ಸುಮ್ಮನೆ..."

"ನಿಶ್ಚಿತಾರ್ಥಕ್ಕೆ ಬರ್ತೇನೆ. ಆದ್ರೆ ನನಗೆ ಅಪ್ಪ ಅಮ್ಮ ಇಟ್ಟ ಒಂದು ಹೆಸರುಂಟು. ಅದನ್ನು ಹೇಳಿ ಕರೀಬೇಕು. ಈಗ ಕರೀರಿ."

ಮಾವ ನಕ್ಕರು. ಅಮ್ಮ ನಗಲಿಲ್ಲ. ಆಮೇಲೆ ಫೋನನ್ನು ಅಂಗೈಯಿಂದ ಮುಚ್ಚಿದ ಸದ್ದು, ಆ ಅಂಗೈಯ ಹಿಂದಿನಿಂದ ಮಾವ ಅತ್ತೆಯನ್ನು ಪಿಸುದನಿ ಎಂದುಕೊಂಡು ಜೋರಾಗಿಯೇ ಕೇಳುವುದು ನಮ್ಮ ಮೂವರಿಗೂ ಸ್ಪಷ್ಟವಾಗಿ ಕೇಳಿಸಿತು.

"ಅತ್ತಿಗೆಯ ಹೆಸರು ಎಂತದು ಮಾರಾಯ್ತಿ?"

ಅಪ್ಪ ಗಾಬರಿಯಲ್ಲಿ ಮೇಜಿನ ಕಡೆಗೆ ಬಾಗಿ, ಹೇಳಿಕೊಡಲು ಬಾಯಿ ತೆರೆದರು. ಅಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕೈಯನ್ನು ಅಡ್ಡ ಹಿಡಿದರು.

"ನೀವು ಸುಮ್ಮನೆ ಕೂತ್ಕೊಳ್ಳಿ. ನಿಮಗೆ ಅಭ್ಯಾಸ ಉಂಟು."